ಅರ್ಧ ತಲೆ ಕಟಿಂಗ್

ಗಿಟಾರಿನ ತೆಳ್ಳನೆಯ ತಂತಿಯ ಬಿರಡೆಯನ್ನು ಇನ್ನೊಂದು ಚೂರು ತಿರುಗಿಸಿದರೆ ಶ್ರುತಿ ಸೇರಬಹುದು, ಇಲ್ಲವೇ ತಂತಿ ಹರಿದು ಮುಖಕ್ಕೆ ಬಡಿಯಬಹುದು. ಪುಟ್ಟಿ ಕಣ್ಣು ಮುಚ್ಚಿಕೊಂಡು ತಿರುಗಿಸಿದಳು. ತಂತಿ ಹರಿಯಲಿಲ್ಲ. ಹರಿದಿದ್ದರೆ ಚೆನ್ನಾಗಿತ್ತು, ಬಾರಿಸುವುದು ತಪ್ಪುತ್ತಿತ್ತು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೇ ಮತ್ತೆ ಹೆದರಿದಳು.

ಗೋಡೆಯಾಚೆ ನಡುಮನೆಯಲ್ಲಿ ಅವಳ ಅಣ್ಣ ಮಲಗಿದ್ದ. ಬದುಕೆಲ್ಲ ಬೀದಿಯವರ ತಲೆಗಳನ್ನು ಬಗ್ಗಿಸಿ ಬಗ್ಗಿಸಿ ಕತ್ತರಿ ಆಡಿಸಿದವನು. ಇವತ್ತು ಆ ತಲೆಗಳೆಲ್ಲ ತಾವಾಗಿಯೇ ಬಗ್ಗಿಕೊಂಡು ಅವನ ಸುತ್ತ ಸೇರಿದ್ದವು.

"ಇನ್ನು ನಮ್ಮ ತಲೆ ಯಾರ ಕೈಗೋ?"

"ಬೋಳಣ್ಣನ ಕೈಗೆ. ಇನ್ಯಾರಿದ್ದಾರೆ?"

"ಮುಗೀತು ಬಿಡು."

ಸ್ಮಶಾನದ ಗಾಡಿ ಬರುವುದರೊಳಗೆ ಪುಟ್ಟಿ ಗಿಟಾರ್ ಬಾರಿಸಬೇಕಿತ್ತು. "ನಾನು ಹೋದ ದಿನ ಭಾಷಣ ಗೀಷಣ ಬೇಡ ಕಣ್ರಪ್ಪ, ನಮ್ಮ ಪುಟ್ಟಿ ಬಾರಿಸ್ಲಿ" ಎಂದು ಅಣ್ಣ ಅಂಗಡಿ ತುಂಬ ಗಿರಾಕಿಗಳ ಮುಂದೆ ತಮಾಷೆಗೆ ಅಂದಿದ್ದ. ಈಗ ಅದೇ ಅವನ ಕೊನೆಯ ಆಸೆಯಾಗಿ ಕೂತಿತ್ತು.

ಅತ್ತಿಗೆ ಬಾಗಿಲಲ್ಲಿ ಇಣುಕಿದರು. "ಎಲ್ಲಾ ಕಾಯ್ತಿದ್ದಾರೆ ಕಣೇ."

"ನನ್ನ ಕೈಲಾಗಲ್ಲ ಅತ್ತಿಗೆ. ನಡುವೆ ನಿಂತುಹೋದ್ರೆ?"

"ಐವತ್ತಾದ್ರೂ ಕುಕ್ಕರ್ ಕೂಗಿದ್ರೆ ಮಂಚ ಹತ್ತೋಳು ನೀನು. ನಿಮ್ಮಣ್ಣಂಗೆ ಅದು ಗೊತ್ತಿರ್ಲಿಲ್ವಾ? ಗೊತ್ತಿದ್ದೇ ಹೇಳಿದ್ದು." ಹೇಳುತ್ತ ಹೇಳುತ್ತ ಅವರ ದನಿಯೇ ಕೂತುಹೋಯಿತು. "ಬೇಗ ಬಾ."

*

ಆ ಗಿಟಾರ್ ಮನೆ ಖಾಲಿ ಮಾಡಿ ಹೊರಟ ಗಿರಾಕಿಯೊಬ್ಬ ಅಂಗಡಿಯಲ್ಲಿ ಬಿಟ್ಟುಹೋದದ್ದು. ಬಾರಿಸಲು ಬಲ್ಲವರು ಯಾರಾದರೂ ಸಿಕ್ಕರೆ ಅಣ್ಣ ಅವರ ಗಡ್ಡಕ್ಕೆ ಸೋಪು ಹಚ್ಚಿಬಿಟ್ಟು, "ಸ್ವಾಮಿ, ಈ ಬೆರಳು ಎಲ್ಲಿ ಇಡೋದು?" ಎಂದು ಶುರು ಮಾಡುತ್ತಿದ್ದ. ಸೋಪು ಒಣಗಿದರೂ ಎದ್ದು ಹೋಗುವಂತಿರಲಿಲ್ಲ. ಹೀಗೆ ಕಲಿತದ್ದನ್ನು ಅವನು ಮಧ್ಯಾಹ್ನ ಊಟದ ಡಬ್ಬಿ ತರುತ್ತಿದ್ದ ತಂಗಿಗೆ ದಾಟಿಸಿದ.

"ಬೆರಳ ತುದಿ ಉರಿಯುತ್ತೆ ಅಣ್ಣ."

"ಉರೀಲಿ. ಚರ್ಮ ಗಟ್ಟಿಯಾದ್ಮೇಲೆ ಸುಮ್ಮನಾಗುತ್ತೆ."

"ಈ ತಂತಿ ಯಾಕೆ ಗುಂಯ್ ಅನ್ನುತ್ತೆ?"

"ಒತ್ತಿದ್ದು ಸಾಲದು. ಬೆರಳನ್ನ ಆ ಲೋಹದ ಗೆರೆ ಪಕ್ಕಕ್ಕೇ ತಗೊಂಡ್ಹೋಗು."

"ನನ್ನ ಕೈ ಚಿಕ್ಕದು. ವಯಸ್ಸೂ ಆಯ್ತು. ಕೈ ಬೇರೆ ನಡುಗುತ್ತೆ."

"ಮೊದಲನೇ ಸಲ ಕತ್ತಿ ಹಿಡಿದಾಗ ನಂಗೂ ನಡುಗಿತ್ತು. ಅದರ ಕೆಳಗೆ ಗಿರಾಕಿ ಕುತ್ತಿಗೆ ಇತ್ತು ಕಣೇ! ನಿಂಗೇನು, ಮರದ ಡಬ್ಬ."

ಬೆರಳು ಕಾಣಲೆಂದು ಅವಳು ಗಿಟಾರನ್ನು ಮಡಿಲಲ್ಲಿ ಮಗುವಿನಂತೆ ಮಲಗಿಸಿಕೊಳ್ಳುತ್ತಿದ್ದಳು. ಹಾಗೆ ಮಾಡಿದರೆ ಮಣಿಕಟ್ಟು ಮಡಚಿ, ಬೆರಳು ಪಕ್ಕದ ತಂತಿಗೆ ತಾಗಿ ನಾದವೇ ಹೊರಡುತ್ತಿರಲಿಲ್ಲ. "ನೆಟ್ಟಗೆ ಹಿಡಿ. ಬಗ್ಗಬೇಡ, ಕನ್ನಡಿ ನೋಡು," ಎಂದು ಅಣ್ಣ ಅಂಗಡಿಯ ದೊಡ್ಡ ಕನ್ನಡಿಯ ಮುಂದೆ ಸ್ಟೂಲು ಹಾಕಿಕೊಟ್ಟ. ಅಂದಿನಿಂದ ಅವಳು ಕನ್ನಡಿಯೊಳಗಿನ ಕೈ ನೋಡಿಯೇ ಬಾರಿಸಿದಳು.

ಬರುತ್ತಿದ್ದದ್ದು ಒಂದೇ ಹಾಡು. ಅದರ ನಡುವೆ ತೋರುಬೆರಳೊಂದನ್ನೇ ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತುವ ಜಾಗವೊಂದಿತ್ತು. ಅಲ್ಲಿಗೆ ಬಂದೊಡನೆ ಬೆರಳು ಸೋತು, ಅವಳು ಹೆದರಿ ನಿಲ್ಲುತ್ತಿದ್ದಳು. ಮತ್ತೆ ಮೊದಲಿನಿಂದ.

"ತಪ್ಪಾದ್ರೆ ತಪ್ಪಾಗ್ಲಿ, ಮುಂದೆ ಹೋಗೇ," ಎಂದು ಅಣ್ಣ ತಲೆ ಚಚ್ಚಿಕೊಳ್ಳುತ್ತಿದ್ದ. "ಅರ್ಧ ತಲೆ ಕಟಿಂಗ್ ಮಾಡಿ ಯಾರಾದ್ರೂ ಗಿರಾಕೀನ ಕಳಿಸ್ತಾರಾ?"

ಅವಳ ಕೈಯಲ್ಲಿ ಆ ಹಾಡಿನ ಕೊನೆಯನ್ನು ಅವನು ಕೇಳಲೇ ಇಲ್ಲ.

*

ಬೋಳಣ್ಣ ಒಳಗೆ ಬಂದ. ಅಂಗಡಿಯ ಎರಡನೇ ಕುರ್ಚಿಯವನು. ತಲೆಯಲ್ಲಿ ಒಂದೆಳೆ ಕೂದಲಿಲ್ಲ. ಬೆಳಿಗ್ಗೆ ಅಣ್ಣನ ಗಡ್ಡ ಹೆರೆದವನು ಅವನೇ. ಸಾಮಾನಿನ ಪೆಟ್ಟಿಗೆ ಇನ್ನೂ ಬಗಲಲ್ಲಿತ್ತು.

"ಬೋಳಣ್ಣ, ಇಲ್ಲಿ ಕನ್ನಡಿ ಇಲ್ಲ."

"ಇದ್ದಿದ್ರೆ ಏನು, ಪೌಡರ್ ಹಾಕ್ಕೋತಿದ್ಯಾ?"

"ಕನ್ನಡಿ ಇಲ್ದೆ ನಂಗೆ ಬರಲ್ಲ. ಒಂದು ಸಲಾನೂ ಬಾರಿಸಿಲ್ಲ. ಈಗ ಹೊಳೀತು ನಂಗೆ."

ನಗಲು ಹೊರಟವನು ಅವಳ ತುಟಿ ಬಿಳಿಚಿಕೊಂಡದ್ದು ನೋಡಿ ಬಗಲ ಪೆಟ್ಟಿಗೆಯನ್ನು ಸರಿಮಾಡಿಕೊಂಡ. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

"ನಡಿ," ಎಂದ.

ಬೆಳಗಿನಿಂದ ಪುಟ್ಟಿ ಅಣ್ಣನ ಮುಖ ನೋಡಿರಲಿಲ್ಲ. ಈಗ ನಡುಮನೆಗೆ ಬಂದರೂ ಧೈರ್ಯವಾಗದೆ ಅವನಿಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕುಳಿತಳು. ಬಗ್ಗಿ ನೋಡಿದರೆ ಕಂಡದ್ದು ಗಿಟಾರಿನ ಕತ್ತಿನ ಅಂಚು ಮಾತ್ರ. ಬೆರಳುಗಳು ಇನ್ಯಾರದೋ ಎಂಬಂತೆ ಕೆಳಗೆಲ್ಲೋ ಕಳೆದುಹೋಗಿದ್ದವು. ಮೊದಲ ಏಟಿಗೆ ಹಲಗೆ ತಟ್ಟಿದಂಥ ಸದ್ದು ಬಂತು. ನಿಲ್ಲಿಸಿದಳು.

ಯಾರೋ ಕೆಮ್ಮಿದರು. ಗಾಡಿಯವನು ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡ. ಇಷ್ಟು ಜನರ ಮುಂದೆ ಅಣ್ಣನನ್ನು ಅರ್ಧಕ್ಕೇ ಕಳಿಸುತ್ತಿದ್ದೇನೆ ಎನಿಸಿತು ಅವಳಿಗೆ.

ಆಗ ಪೆಟ್ಟಿಗೆಯ ಚಿಲಕ ಕಟಕ್ ಎಂದಿತು. ಬೋಳಣ್ಣ ಅವಳ ಎದುರಿಗೆ ಬಂದು ಮಂಡಿಯೂರಿದ. ಕಟಿಂಗ್ ಮುಗಿದ ಮೇಲೆ ಗಿರಾಕಿಗೆ ತಲೆಯ ಹಿಂಬದಿ ತೋರಿಸುವ ಚೌಕ ಕನ್ನಡಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದ.

ಅದರಲ್ಲಿ ಅವಳ ಕೈ ಇತ್ತು. ಗುರುತಿನ ಕೈ. ಬಾರಿಸತೊಡಗಿದಳು.

ಹಾಡಿನ ಆ ಜಾಗ ಹತ್ತಿರವಾಯಿತು. ಅಷ್ಟರಲ್ಲಿ ಬೋಳಣ್ಣನ ಭುಜಗಳು ಅಲುಗಿ ಕನ್ನಡಿ ವಾಲಿತು. ಕೈ ಮಾಯವಾಯಿತು. ಅವಳ ಹೆಗಲಾಚೆಯಿಂದ ಅಣ್ಣನ ಮುಖ ಕನ್ನಡಿಯೊಳಗೆ ಬಂತು: ನುಣುಪಾದ ಕೆನ್ನೆ, ಕಿವಿಯ ಬಳಿ ಒರೆಸದೆ ಉಳಿದ ಚೂರು ಸೋಪು. ಪುಟ್ಟಿ ಆ ಸೋಪನ್ನೇ ನೋಡುತ್ತಿದ್ದಳು. ತೋರುಬೆರಳು ಆಗಲೇ ಹೋಗಿ ತಂತಿಗಳ ಮೇಲೆ ಅಡ್ಡ ಬಿದ್ದಿತ್ತು. ಎರಡು ತಂತಿ ಗುಂಯ್ ಎಂದವು. ಅವಳು ನಿಲ್ಲಲಿಲ್ಲ.

ಕೊನೆಯ ನಾದ ಅಡಗಿದ ಮೇಲೆ ಗಾಡಿಯವರು ಹತ್ತಿರ ಬಂದರು.

"ಒಂದು ನಿಮಿಷ ಇರ್ರಪ್ಪ," ಎಂದ ಬೋಳಣ್ಣ. ಹೆಬ್ಬೆರಳಿನಿಂದ ಅಣ್ಣನ ಕಿವಿಯ ಬಳಿಯ ಸೋಪು ಒರೆಸಿದ. ಆಮೇಲೆ ಕನ್ನಡಿಯನ್ನು ಅವನ ತಲೆಯ ಹಿಂದೆ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ, ಗಿರಾಕಿ ಸರಿ ಎಂದು ತಲೆಯಾಡಿಸುವುದನ್ನೇ ಕಾಯುತ್ತ ನಿಂತ.