ಮೀನಿಗೆ ಮೆತ್ತಿದ ಗಾರೆ

ಗೋಡೆಗೆ ಗಾರೆ ಮೆತ್ತುವುದರಲ್ಲಿ ಮೇಸ್ತ್ರಿಯದು ಎತ್ತಿದ ಕೈ. ಅವನು ಕೈಯಾಡಿಸಿದ ಗೋಡೆಯ ಮೇಲೆ ನೊಣ ಕೂತರೂ ಜಾರಿ ಬೀಳಬೇಕು ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಅಡುಗೆಯ ವಿಷಯಕ್ಕೆ ಬಂದರೆ ಮಾತ್ರ ಮಹಾಶಯನಿಗೆ ಚಹಾ ಕಾಯಿಸುವುದೇ ದೊಡ್ಡ ಸಾಹಸ. ಅಂಥವನು ಇವತ್ತು ಸೊಂಟಕ್ಕೆ ಟವೆಲ್ ಬಿಗಿದು ಅಡುಗೆಮನೆಯಲ್ಲಿ ನಿಂತಿದ್ದನೆಂದರೆ ಅದಕ್ಕೆ ಅಕ್ಕನೇ ಕಾರಣ.

ತಾಯಿಯಿಲ್ಲದ ತಮ್ಮನನ್ನು ತುತ್ತಿಟ್ಟು ಸಾಕಿದ ಅಕ್ಕ ಅವಳು. ಜ್ವರ ಬಿಟ್ಟು ವಾರಗಳೇ ಕಳೆದರೂ ಅವಳ ನಾಲಿಗೆಗೆ ರುಚಿ ಹತ್ತಿರಲಿಲ್ಲ. ಗಂಜಿ ಕೊಟ್ಟರೆ ಮುಖ ಸಿಂಡರಿಸುತ್ತಿದ್ದಳು, ಹಣ್ಣು ಕೊಟ್ಟರೆ ಆ ಕಡೆ ಹೊರಳುತ್ತಿದ್ದಳು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಡಾಕ್ಟರು ಬೆಳಿಗ್ಗೆ ಹೇಳಿ ಹೋಗಿದ್ದರು. ಮೊದಲೆಲ್ಲ ಅಕ್ಕನಿಗೆ ಓವನ್ನಿನಲ್ಲಿ ಬೇಯಿಸಿದ ಮೀನೆಂದರೆ ಪ್ರಾಣ. ಮೇಲೆ ಗರಿಗರಿ ಬ್ರೆಡ್ ಪುಡಿ ಇರಲೇಬೇಕು. ಅದನ್ನಾದರೂ ತಿಂದಾಳು ಎಂದು ಅವನು ಪೇಟೆಗೆ ಓಡಿದ್ದ.

ಮುಳ್ಳು ತೆಗೆಸಿ ತಂದ ಮೀನಿಗೆ ಉಪ್ಪು, ನಿಂಬೆರಸ ಸವರಿ ಟ್ರೇಯಲ್ಲಿ ಜೋಡಿಸಿದ. ಬ್ರೆಡ್ ಪುಡಿಗೆ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು ಕಲಸಿ ಮೇಲೆ ಉದುರಿಸಿದ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಪುಡಿಯ ಏರುತಗ್ಗು ನೋಡಿದ ಮೇಲೆ ಆ ಕೈ ಸುಮ್ಮನಿರಬೇಕಲ್ಲ! ನೀರು ಚಿಮುಕಿಸಿದ. ಸಟ್ಟುಗದಿಂದ ಒತ್ತಿದ, ಉಜ್ಜಿದ, ಮೂಲೆ ತೀಡಿದ, ಒಂದು ಕಣ್ಣು ಮುಚ್ಚಿ ಮಟ್ಟ ನೋಡಿದ. ಕನ್ನಡಿಯಂತೆ ನುಣುಪಾಗಿದೆ ಎನಿಸಿದ ಮೇಲೆಯೇ ಟ್ರೇ ಓವನ್ನಿನೊಳಗೆ ಹೋಯಿತು.

ಹೊರಗೆ ತೆಗೆದಾಗ ಮೇಲ್ಭಾಗ ಬಿಳಿಚಿಕೊಂಡು ಹಲಗೆಯಂತೆ ಗಟ್ಟಿಯಾಗಿತ್ತು. ಗೋಡೆ ಒಣಗಿದೆಯೇ ಎಂದು ನೋಡುವ ಹಾಗೆ ಬೆರಳಗೆಣ್ಣಿನಿಂದ ಬಡಿದ. ಟಕ್, ಟಕ್.

"ಅದೇನೋ ಸದ್ದು?" ಕೋಣೆಯಿಂದ ಅಕ್ಕ ಕೇಳಿದಳು.

"ಏನಿಲ್ಲಕ್ಕಾ. ಮೀನು ಬೆಂದಿದೆಯಾ ಅಂತ ನೋಡ್ತಿದೀನಿ."

"ಬಾಗಿಲು ತಟ್ಟಿ ಕೇಳ್ತೀಯಾ ಅದನ್ನ?"

ನಿಧಾನವಾಗಿ ಎದ್ದು ಬಂದ ಅಕ್ಕ ಟ್ರೇ ನೋಡಿದವಳೇ ಕುರ್ಚಿ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ನಿನ್ನ! ಗಾರೆ ಮಾಡಿದೀಯಲ್ಲೋ! ಇನ್ನು ಸುಣ್ಣ ಹೊಡೆಯೋದೊಂದು ಬಾಕಿ."

ತಮ್ಮನಿಗೆ ನಗು ಬರಲಿಲ್ಲ. "ನೀನು ತಿನ್ಲಿ ಅಂತ ಮಾಡ್ದೆ ಅಕ್ಕಾ. ನಿನ್ನ ಆಸ್ಪತ್ರೆಗೆ ಬಿಟ್ಟು ಬರೋಕೆ ನನ್ನ ಕೈಲಾಗಲ್ಲ."

ಅಕ್ಕ ಕಣ್ಣೊರೆಸಿಕೊಂಡಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, "ಒಂದು ಚಮಚ ಕೊಡಿಲ್ಲಿ" ಎಂದಳು. ಗಾರೆಯನ್ನು ಒಡೆದು, ಬೆರಳಲ್ಲಿ ಪುಡಿ ಮಾಡಿ, ಇನ್ನಷ್ಟು ಬೆಣ್ಣೆ ಬೆರೆಸಿ ಹಗುರವಾಗಿ ಉದುರಿಸಿದಳು.

"ಸಡಿಲವಾಗಿರ್ಬೇಕು ಕಣೋ. ನಡುವೆ ಬಿಸಿಗಾಳಿ ಆಡಿದ್ರೇನೇ ಗರಿಗರಿ ಆಗೋದು."

ಎರಡನೇ ಸಲ ತೆಗೆದಾಗ ಪುಡಿ ಹೊಂಬಣ್ಣಕ್ಕೆ ತಿರುಗಿತ್ತು, ಬೆಳ್ಳುಳ್ಳಿಯ ಘಮ ಮನೆ ತುಂಬಿತ್ತು. ಅಕ್ಕ ಒಂದು ತುತ್ತು ಬಾಯಿಗಿಟ್ಟಳು. ತಮ್ಮ ಅವಳ ಮುಖವನ್ನೇ ನೋಡಿದ.

"ಉಪ್ಪು ಕಮ್ಮಿ."

ಉಪ್ಪು ಕಮ್ಮಿ! ಇಷ್ಟು ದಿನ ಎಲ್ಲವೂ ಮಣ್ಣು ತಿಂದ ಹಾಗಿದೆ ಎನ್ನುತ್ತಿದ್ದವಳು! ಡಬ್ಬಿ ತರಲು ಹೋದವನು ಖುಷಿಗೆ ಅರ್ಧ ಉಪ್ಪನ್ನು ನೆಲಕ್ಕೆ ಚೆಲ್ಲಿದ, ಬೈಸಿಕೊಂಡ. ಅಕ್ಕ ಒಂದು ತುಂಡು ಮುಗಿಸಿ ಇನ್ನೊಂದನ್ನು ತಾನೇ ಹಾಕಿಕೊಂಡಳು.

"ನೀನೂ ತಿನ್ನೋ. ಇರೋದೇ ಇನ್ನೊಂದು."

"ನಂಗೆ ಹಸಿವಿಲ್ಲಕ್ಕಾ" ಎಂದು ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿದ್ದ ತಮ್ಮ ಆ ತುಂಡನ್ನೂ ಅವಳ ತಟ್ಟೆಗೆ ಬಡಿಸಿದ. ಅಕ್ಕ ಬೇಡ ಅನ್ನಲಿಲ್ಲ.