ಎದುವಿನಾ ಅಜ್ಜಿಯ ಮನೆ ಬೆಟ್ಟ ಹತ್ತಿದ್ದು

ನಮ್ಮ ಚಿಲೋಯೆ ದ್ವೀಪದಲ್ಲಿ ಮನೆಗಳು ನಡೆಯುತ್ತಿದ್ದವು ಎಂದರೆ ಹೊರಗಿನವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನೋಡಲಿ. ಮರದ ಮನೆಯನ್ನು ದಿಮ್ಮಿಗಳ ಮೇಲೆ ಕೂರಿಸಿ, ಎತ್ತು ಕಟ್ಟಿ, ಊರಿಗೆ ಊರೇ ಹಗ್ಗ ಹಿಡಿದು ಎಳೆಯುವ ಮಿಂಗಾವನ್ನು ಕಾಣದವರ ಬಗ್ಗೆ ನನಗೇ ಅಯ್ಯೋ ಅನಿಸುತ್ತದೆ. ಕೂಲಿಯ ಮಾತೇ ಇಲ್ಲ. ಮನೆಯವರು ಹೊಟ್ಟೆ ತುಂಬ ಊಟ ಹಾಕಿದರೆ ಆಯಿತು. ಆದರೆ ಮೊದಲು ಅವರೇ ಪ್ರತಿ ಬಾಗಿಲಿಗೂ ಹೋಗಿ ಬೇಡಿಕೊಳ್ಳಬೇಕು. ಕೇಳದವರ ಮನೆಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ನನ್ನಜ್ಜಿ ಎದುವಿನಾ ಕೇಳಲೊಲ್ಲಳು.

ಅರವತ್ತನೇ ಇಸವಿಯ ಭೂಕಂಪದಲ್ಲಿ ನಮ್ಮವರು ಮಾಡಿದ ತಪ್ಪನ್ನು ಕಡಲ ಜನ ಮಾತ್ರ ಮಾಡಬಲ್ಲರು. ನೆಲ ಕೈಕೊಟ್ಟಿತು, ನೀರಾದರೂ ನಮ್ಮದು ಎಂದು ದೋಣಿ ಹತ್ತಿದರು. ಆಮೇಲೆ ಕಡಲು ಎದ್ದು ಬಂತು. ತಾತ ರೊಸಮೆಲ್ ಹೋದದ್ದು ಹಾಗೆ. ದೋಣಿ ನೆರೆಯ ಬೆಲಾರ್ಮಿನೊನದು. ಅದರಲ್ಲಿದ್ದವರ ಪೈಕಿ ಬದುಕಿದ್ದು ಅವನೊಬ್ಬನೇ. ನನ್ನನ್ನು ಎತ್ತಿಕೊಂಡು ಅಜ್ಜಿ ದಡಕ್ಕೆ ಬರುವಷ್ಟರಲ್ಲಿ ದೋಣಿ ಹೊರಟಿತ್ತು. ಬೇರೆ ದಾರಿಯಿಲ್ಲದೆ ಬೆಟ್ಟಕ್ಕೆ ಓಡಿದೆವು, ಉಳಿದೆವು.

ನಮ್ಮ ಮನೆ ಕಿಟಕಿಯವರೆಗೆ ಮುಳುಗಿಯೂ ಬೀಳಲಿಲ್ಲ. ಮುಂದಿನ ವರ್ಷಗಳಲ್ಲಿ ಉಳಿದವರೆಲ್ಲ ತಂತಮ್ಮ ಮನೆಗಳನ್ನು ಬೆಟ್ಟಕ್ಕೆ ಎಳೆಸಿಕೊಂಡರು. ಕೆಳಗೆ ನಮ್ಮದೊಂದೇ. ನೆಲ ಕುಸಿದಿದ್ದರಿಂದ ಹುಣ್ಣಿಮೆಯ ಉಬ್ಬರಕ್ಕೆ ಹಲಗೆಗಳ ಸಂದಿಯಿಂದ ನೀರು ಜಿನುಗುತ್ತಿತ್ತು. ಇನ್ನೊಂದು ದೊಡ್ಡ ಅಲೆ ಬಂದರೆ ನಮ್ಮ ಕಥೆ ಮುಗಿಯಿತು ಎಂದು ನನಗೂ ಗೊತ್ತಿತ್ತು. ಆ ಏರನ್ನು ಬೆಲಾರ್ಮಿನೊನ ಎತ್ತುಗಳಿಲ್ಲದೆ ಹತ್ತುವಂತಿರಲಿಲ್ಲ. ಗಂಡನನ್ನು ಕೊಂದವನ ಬಾಗಿಲಿಗೆ ಎದುವಿನಾ ಹೋದಾಳೇ? ಎಂದು ಊರು ಮಾತಾಡಿಕೊಳ್ಳುತ್ತಿತ್ತು.

ಒಂದು ಬೆಳಿಗ್ಗೆ ಅವನೇ ಬಂದ. ಟೋಪಿ ಕೈಯಲ್ಲಿತ್ತು. ಅಜ್ಜಿ ಆಲೂಗಡ್ಡೆ ತುರಿಯುತ್ತಿದ್ದಳು.

"ಎದುವಿನಾ, ಬೇಡಿಕೊಳ್ಳೋಕೆ ಬಂದಿದೀನಿ."

"ನಿನ್ನ ಮನೆ ಆಗ್ಲೇ ಮೇಲೆ ಕೂತಿದೆಯಲ್ಲೋ. ಇನ್ನೇನು ಸ್ವರ್ಗಕ್ಕೆ ಎಳೀಬೇಕಾ?"

"ನಿನ್ನ ಮನೆ ಎಳೆಯೋಕೆ ಬಿಡು. ನೀನಂತೂ ಕೇಳಲ್ಲ, ಅದಕ್ಕೆ ನಾನೇ ಕೇಳ್ತಿದೀನಿ. ಸಿಟ್ಟಿದ್ರೆ ಮೇಲೆ ಕೂತ್ಕೊಂಡು ಬೈ. ಈ ಮಗೂನ ಇಲ್ಲಿ ಇಟ್ಕೋಬೇಡ."

ಅಜ್ಜಿಯ ಕೈ ನಿಂತಿತು.

"ಸಿಟ್ಟಾ? ನಿನ್ನ ಮೇಲಾ? ರೊಸಮೆಲ್ ಬೆಟ್ಟಕ್ಕೆ ಹೊರಟಿದ್ದ ಕಣೋ. 'ಪುಕ್ಕಲ, ಹೋಗಿ ದೋಣಿ ಹತ್ತು, ಮಗೂನ ಕರ್ಕೊಂಡು ಬರ್ತೀನಿ' ಅಂತ ತಳ್ಳಿದ್ದು ನಾನು. ನಿನ್ನ ಬಾಗಿಲಿಗೆ ಯಾವ ಮುಖ ಹೊತ್ತು ಬರ್ಲಿ?"

ಬೆಲಾರ್ಮಿನೊ ಹೊಸ್ತಿಲ ಮೇಲೇ ಕೂತ.

"'ಎದುವಿನಾಗೆ ಕಾಯೋಣ, ಕಾಯೋಣ' ಅಂತ ರೊಸಮೆಲ್ ನನ್ನ ತೋಳು ಹಿಡ್ಕೊಂಡಿದ್ದ. ನಾನೇ ಕಾಯ್ಲಿಲ್ಲ. ಅದನ್ನ ನಿಂಗೆ ಹೇಳೋ ಧೈರ್ಯ ಇರ್ಲಿಲ್ಲ."

ಅವನು ಕಾದಿದ್ದರೆ ನಾನೂ ಅಜ್ಜಿಯೂ ಆ ದೋಣಿಯಲ್ಲಿರುತ್ತಿದ್ದೆವು. ಇಬ್ಬರೂ ನನ್ನ ಮುಖವನ್ನೇ ನೋಡಿದರು. ಅಜ್ಜಿ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡು, "ನಾಳೆ ಎತ್ತು ತಗೊಂಡು ಬಾ" ಎಂದಳು.

ಅಂದು ಸಂಜೆಯೊಳಗೆ ಅವಳು ಉಳಿದ ಬಾಗಿಲುಗಳಿಗೂ ಹೋಗಿ ಕೇಳಿ ಬಂದಳು. ಮನೆ ಎಳೆದ ದಿನ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೂಗು, ಕೆಸರು, ಸೇಬಿನ ಹುಳಿಮದ್ಯ, ಪ್ರತಿ ಎಳೆತಕ್ಕೂ ನರಳುವ ನಮ್ಮ ಮನೆ. ಸಂಜೆ ಊಟಕ್ಕೆ ಕೂತವರ ನಡುವೆ ಅಜ್ಜಿ ಎದ್ದು ನಿಂತು, ತಾತನನ್ನು ತಳ್ಳಿದ್ದನ್ನು ಎಲ್ಲರೆದುರು ಹೇಳಿಬಿಟ್ಟಳು.

"ನಾಚಿಕೆ ಬಿಟ್ಟು ಹೇಳ್ತಿದೀನಿ, ಕೇಳಿಸ್ಕೊಳ್ಳಿ. ನೆಲ ನಡುಗಿದ್ರೆ ದೋಣಿ ಕಡೆ ತಿರುಗಿಯೂ ನೋಡ್ಬೇಡಿ. ಬೆಟ್ಟ ಹತ್ತಿ!"

ಅಂದಿನಿಂದ ಯಾರ ಮಿಂಗಾ ಆದರೂ ಊಟಕ್ಕೆ ಮೊದಲು ಅವಳು ಅದನ್ನೇ ಹೇಳುತ್ತಿದ್ದಳು. ಹುಡುಗರು ಅಣಕಿಸುತ್ತಿದ್ದರು. ಅಣಕಿಸಿ ಅಣಕಿಸಿಯೇ ಬಾಯಿಪಾಠವಾಯಿತು.

ಈಚೆಗೆ ಒಂದು ಕ್ರಿಸ್ಮಸ್ ದಿನ ನೆಲ ಮತ್ತೆ ಜೋರಾಗಿ ನಡುಗಿತು. ಸೈರನ್ ಕೂಗುವ ಮೊದಲೇ ಊರು ಬೆಟ್ಟದ ಮೇಲಿತ್ತು. ಅಲೆ ಬರಲಿಲ್ಲ. ಆದರೆ ಅಜ್ಜಿಯನ್ನು ಕಂಡೇ ಇರದ ಪುಟ್ಟ ಹುಡುಗಿಯೊಬ್ಬಳು ತನ್ನ ಅಪ್ಪನ ಕೈ ಜಗ್ಗುತ್ತ, "ದೋಣಿ ಕಡೆ ನೋಡ್ಬೇಡಪ್ಪಾ, ಹತ್ತು!" ಎಂದು ಗದರುತ್ತ ಏರಿ ಬಂದಾಗ ನಾನು ಎಲ್ಲರೆದುರೇ ಅತ್ತುಬಿಟ್ಟೆ.