ರೆಪ್ಪೆಯಂಚಿನ ಸೂಜಿ

ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೂ ರಫು ಮಾಡುತ್ತಿದ್ದರು. ಇಲಿ ಕಡಿದ ಕೋಟು, ಸಿಗರೇಟು ಸುಟ್ಟ ಪ್ಯಾಂಟು, ಮೊಳೆಗೆ ಸಿಕ್ಕಿ ಸೀಳಿದ ಶಾಲು, ಏನೇ ಬರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ತೆಗೆದು, ಎಳೆಗೆ ಎಳೆ ಕೂಡಿಸಿ, ಹರಿದಿತ್ತೆಂಬ ಸುಳಿವೇ ಇಲ್ಲದಂತೆ ಮಾಡಿ ಕೊಡುವ ಕಸುಬು. ಕೆಲಸ ಮುಗಿದಾಗ ಅತ್ತೆ ಬಟ್ಟೆಯನ್ನು ಸೊಸೆಯ ಮುಂದೆ ಹಿಡಿದು ಕೇಳುತ್ತಿದ್ದುದು ಒಂದೇ ಮಾತು: "ಕಾಣುತ್ತಾ?"

"ಇಲ್ಲ ಅತ್ತೆ" ಎಂದರೆ ಸಾಕು, ಅತ್ತೆಗೆ ಉಂಡಷ್ಟೇ ತೃಪ್ತಿ.

ಸೊಸೆ ಬಂದ ಹೊಸದರಲ್ಲಿ ಅತ್ತೆ ಕಲಿಸಿದ ಮೊದಲ ಪಾಠ ಸೂಜಿಯದಲ್ಲ, ಕಣ್ಣಿನದು. "ಎಳೆ ದಾಟೋವರೆಗೂ ರೆಪ್ಪೆ ಬಡೀಬೇಡ ಕಣೇ. ಬಡಿದ್ಯೋ, ಎಳೆ ತಪ್ಪಿತು ಅಂತಲೇ ತಿಳ್ಕೋ." ಜೀವಮಾನವೆಲ್ಲ ಹಾಗೆ ನೋಡಿ ನೋಡಿ ಅತ್ತೆಗೆ ರೆಪ್ಪೆ ಬಡಿಯುವುದೇ ಮರೆತಂತಾಗಿತ್ತು. ಮಾತಾಡುವಾಗಲೂ ಎವೆಯಿಕ್ಕದೆ ದಿಟ್ಟಿಸುವರು. "ನಿಮ್ಮಮ್ಮ ನನ್ನಲ್ಲೂ ಎಲ್ಲೋ ತೂತು ಹುಡುಕ್ತಿದ್ದಾರೆ" ಎಂದು ಸೊಸೆ ಗಂಡನ ಹತ್ತಿರ ಹೇಳಿ ನಗುತ್ತಿದ್ದಳು.

ಆಮೇಲೆ ಅತ್ತೆಯ ಕಣ್ಣು ಉರಿಯತೊಡಗಿತು. ಮರಳು ಎರಚಿದ ಹಾಗೆ ಚುಚ್ಚುವ ನೋವು, ಸಂಜೆಯಾದರೆ ಎಲ್ಲ ಮಂಜು, ಮಧ್ಯೆ ಮಧ್ಯೆ ಧಾರೆಧಾರೆ ನೀರು.

"ಯಾರ ಕೋಟು ನೋಡಿ ಇಷ್ಟು ಅಳು ಅಮ್ಮಾ?" ಎಂದ ಅಂಗಡಿಯ ಇಸ್ತ್ರಿಯವನು.

"ನಿನ್ನ ಇಸ್ತ್ರಿ ನೋಡಿ ಕಣಪ್ಪಾ."

ಸೊಸೆ ಬಲವಂತದಿಂದ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ರೆಪ್ಪೆ ಮಗುಚಿ ನೋಡಿ, "ಕಣ್ಣು ಒಣಗಿದೆ" ಎಂದರು.

"ಹೊಳೆ ಹರೀತಿದೆ, ಒಣಗಿದೆ ಅಂತೀರಲ್ಲ."

"ಹರಿಯೋ ನೀರು ಕಣ್ಣಲ್ಲಿ ನಿಲ್ಲೋದಿಲ್ಲಮ್ಮ, ಅದೇ ಕಷ್ಟ. ರೆಪ್ಪೆಯೊಳಗೆ ಎಣ್ಣೆ ಗ್ರಂಥಿಗಳಿವೆ, ಅಂಚಿನುದ್ದಕ್ಕೂ ಅವುಗಳ ಬಾಯಿ. ಆ ಎಣ್ಣೆ ತೆಳ್ಳಗೆ ಹರಡಿದ್ರೆ ಕಣ್ಣಿನ ನೀರು ಆರೋದಿಲ್ಲ. ನೀವು ರೆಪ್ಪೆ ಪೂರ್ತಿ ಮುಚ್ಚೋದೇ ಇಲ್ಲ, ಎಣ್ಣೆ ಹೊರಗೆ ಬರೋದು ಹೇಗೆ? ಚಳಿಗೆ ತುಪ್ಪ ಗಟ್ಟಿಯಾದಂಗೆ ಬಾಯಲ್ಲೇ ಕೂತುಬಿಟ್ಟಿದೆ." ಬೆಚ್ಚನೆ ಬಟ್ಟೆಯ ಶಾಖ, ಆಮೇಲೆ ರೆಪ್ಪೆಯನ್ನು ಅಂಚಿನ ಕಡೆಗೆ ಮೆಲ್ಲಗೆ ನೀವುವುದು, ಅಂಚು ಒರೆಸುವುದು, ಕಣ್ಣಿಗೆ ಹನಿ, ಪೂರ್ತಿ ರೆಪ್ಪೆ ಮುಚ್ಚುವುದು. ದಿನಾ ಮಾಡಬೇಕು, ತಿಂಗಳುಗಟ್ಟಲೆ ಮಾಡಬೇಕು. "ಸತ್ತ ಗ್ರಂಥಿ ತಿರುಗಿ ಬರೋದಿಲ್ಲ. ಇರೋದನ್ನ ಕಾಪಾಡ್ಕೊಳ್ಳಿ."

ಅತ್ತೆ ಕೆಲವು ದಿನ ಶಾಖ ಕೊಟ್ಟರು. ಉರಿ ಕಡಿಮೆಯಾಗಲಿಲ್ಲ. ಕನ್ನಡಿಯಲ್ಲಿ ರೆಪ್ಪೆ ಜಗ್ಗಿ ನೋಡಿದರೆ ಅಂಚಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳ ಸಾಲು. ರಫುವಿನವರ ಕಣ್ಣಿಗೆ ಅದು ಕಾಯಿಲೆಯಾಗಿ ಕಾಣಲಿಲ್ಲ, ನೂಲು ಸಿಕ್ಕಿ ಮುಚ್ಚಿದ ತೂತುಗಳಾಗಿ ಕಂಡಿತು.

"ಆ ಸಣ್ಣ ಸೂಜಿ ತಗೊಂಡು ಬಿಡಿಸಿಕೊಡೇ. ನಿನ್ನ ಕೈ ನಡುಗಲ್ಲ."

"ಬೇಡ ಅತ್ತೆ. ಇದು ಕೋಟಲ್ಲ."

ಸೊಸೆ ಸೂಜಿಯ ಡಬ್ಬಿಯನ್ನೇ ಎತ್ತಿಟ್ಟಳು. ಆದರೆ ಅತ್ತೆಯ ನೆಚ್ಚಿನ ಸೂಜಿ ಎಂದೂ ಡಬ್ಬಿ ಸೇರಿದ್ದಲ್ಲ, ಅವರ ರವಿಕೆಯ ತೋಳಂಚಿನಲ್ಲೇ ಸಿಕ್ಕಿಸಿರುತ್ತಿತ್ತು. ಅದು ಸೊಸೆಗೆ ಗೊತ್ತಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ. ಅವಳು ಕೋಟು ಕೊಡಲು ಅಂಗಡಿಯ ಮುಂಭಾಗಕ್ಕೆ ಹೋದಾಗ ಅತ್ತೆ ಕನ್ನಡಿಯ ಮುಂದೆ ಕೂತರು. ಒಂದೆರಡು ಚುಕ್ಕೆ ಬಿಡಿಸಿದ್ದೂ ಆಯಿತು. ಇಷ್ಟು ವರ್ಷ ಹಿಡಿದಿಟ್ಟ ರೆಪ್ಪೆ, ದೇವರೇ, ಆಗ ಬಡಿಯಿತು.

ಸೊಸೆ ಬಂದು ನೋಡಿದರೆ ಅತ್ತೆ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದರು. ಸೂಜಿ ಮಾತ್ರ ತೋಳಂಚಿಗೆ ವಾಪಸು ಹೋಗಿತ್ತು.

ಸೂಜಿ ಕಣ್ಣುಗುಡ್ಡೆಯ ಮೇಲೆ ಎಳೆದ ಗೀರು ಕೀವಾಯಿತು. ಕೀವು ವಾಸಿಯಾದ ಮೇಲೆ ಕರಿಗುಡ್ಡೆಯ ನಡುವೆ ಬಿಳಿ ಕಲೆ ಉಳಿಯಿತು. ಚುಚ್ಚಿದ ಗ್ರಂಥಿಯ ಬಾಯಿಗಳೂ ಗಾಯ ಮಾಯುತ್ತ ಮುಚ್ಚಿಹೋದವು. ಡಾಕ್ಟರು ಬೈಯಲಿಲ್ಲ. "ಎಡಗಣ್ಣು ಉಳಿಸಿಕೊಳ್ಳೋಣ" ಎಂದರು.

ಅಂದಿನಿಂದ ಶಾಖದ ಕೆಲಸ ಸೊಸೆಯದು. ಬಟ್ಟೆಯ ಬಿಸಿಯನ್ನು ಮೊದಲು ತನ್ನ ಮೊಣಕೈ ಒಳಗೆ ತಾಗಿಸಿ ನೋಡಿ ಇಡುವಳು. ಬಟ್ಟೆ ಆರುವವರೆಗೂ ಅತ್ತೆ ತಮ್ಮ ಅಪ್ಪನ ಬಾಯಿಂದ ಕೇಳಿ ಕಲಿತ ಪದ್ಯ ಹೇಳುವರು. ಬಟ್ಟೆ ತೆಗೆದ ಮೇಲೂ ಪದ್ಯ ನಿಲ್ಲುತ್ತಿರಲಿಲ್ಲ. ಸಾಲು ಮುಗಿದಲ್ಲೆಲ್ಲ ಕಣ್ಣು ಪೂರ್ತಿ ಮುಚ್ಚಬೇಕು, ಮುಂದಿನ ಸಾಲಿಗೆ ತೆರೆಯಬೇಕು. ಹೀಗೆ ರೆಪ್ಪೆಗೆ ಮರೆತ ಪಾಠ ತಿರುಗಿ ಬಂತು. ಎಡಗಣ್ಣಿನ ಉರಿ ಮೆಲ್ಲಮೆಲ್ಲಗೆ ತಗ್ಗಿತು.

ಮಂಜೂ ತಗ್ಗಿದ ದಿನ ಅತ್ತೆ ಒಂದು ಬೂದು ಕೋಟು ಕೇಳಿ ಪಡೆದು ಕಿಟಕಿಯ ಪಕ್ಕ ಕೂತರು. ಒಂಟಿಗಣ್ಣಿಗೆ ಎಳೆಯ ಆಳ ಸಿಕ್ಕುತ್ತಿರಲಿಲ್ಲ. ಸೂಜಿ ಬಟ್ಟೆ ಮುಟ್ಟುವ ಮುಂಚೆಯೇ ಗಾಳಿಯಲ್ಲಿ ತಡಕಾಡುತ್ತಿತ್ತು. ಸೊಸೆ ನೋಡಿಯೂ ನೋಡದಂತೆ ಇದ್ದಳು. ಸಂಜೆಗೆ ಅತ್ತೆ ಕೋಟನ್ನು ಅವಳ ಮುಂದೆ ಹಿಡಿದರು.

"ಕಾಣುತ್ತಾ?"

ತೂತು ಇದ್ದಲ್ಲಿ ಗಂಟುಗಂಟಾದ ಮಚ್ಚೆ, ಬಾಗಿಲಿನಿಂದಲೇ ಕಾಣುವಂಥದ್ದು. ಇಲ್ಲವೆಂದು ಹೇಳಿ, ಆಮೇಲೆ ಗುಟ್ಟಾಗಿ ಬಿಚ್ಚಿ ತಾನೇ ಮಾಡಬಹುದಿತ್ತು. ಈ ಕೋಟೇನೋ ಹಾಗೆ ದಾಟುತ್ತಿತ್ತು. ಆದರೆ ನಾಳೆ ಇನ್ನೊಂದು ಬರುತ್ತದೆ, ಆ ಒಂಟಿಗಣ್ಣು ದಿನವಿಡೀ ಅದರಲ್ಲೇ ನೆಟ್ಟಿರುತ್ತದೆ.

"ಕಾಣುತ್ತೆ ಅತ್ತೆ."

ಅತ್ತೆ ಮಚ್ಚೆಯ ಮೇಲೆ ಬೆರಳಾಡಿಸಿದರು. "ನನ್ನ ಬೆರಳಿಗೆ ಮಧ್ಯಾಹ್ನವೇ ಗೊತ್ತಾಗಿತ್ತು" ಎಂದರು. ತೋಳಂಚಿನಿಂದ ಸೂಜಿ ತೆಗೆದು ಸೊಸೆಯ ತೋಳಂಚಿಗೆ ಸಿಕ್ಕಿಸಿದರು. "ಬಿಚ್ಚಿ ನೀನು ಮಾಡು. ನಾನು ಪದ್ಯ ಹೇಳ್ತೀನಿ. ಸಾಲು ಮುಗಿದಾಗ ರೆಪ್ಪೆ ಮುಚ್ಚು. ಎಳೆ ತಪ್ಪಿದ್ರೆ ತಪ್ಪಲಿ."

ಸೊಸೆ ಗಂಟು ಬಿಚ್ಚತೊಡಗಿದಳು. ಮೊದಲ ಸಾಲು ಮುಗಿದಾಗ ಕಣ್ಣು ಮುಚ್ಚಿದಳು. ಅವಳ ರೆಪ್ಪೆಯೊಳಗೂ ಸಣ್ಣಗೆ ಉರಿಯಿತು.